ಪೌಚ್ ಹೇಳದ ಮಾತುಗಳು: ಚಕ್ಕೆ-ಸಕ್ಕರೆ ಕುಕಿ ಮಾಡುವ ಬಗೆ

ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಹತ್ತಿರ ಮಗಳ ಮನೆ. ಕಳೆದ ಚಳಿಗಾಲ ನಾನೂ ನನ್ನ ಹೆಂಡತಿಯೂ ಅಲ್ಲಿ ಐದು ತಿಂಗಳು ಇದ್ದೆವು. ಹೊರಗೆ ಮೈನಸ್ 22 ಡಿಗ್ರಿ. ವಾಕಿಂಗ್ ಇಲ್ಲ, ಪೇಪರ್ ಇಲ್ಲ, ಕಟ್ಟೆ ಹರಟೆ ಇಲ್ಲ. 34 ವರ್ಷ ಬ್ಯಾಂಕಿನ ಕೌಂಟರ್‌ನಲ್ಲಿ ನೋಟು ಎಣಿಸಿದವನಿಗೆ ಕೈ ಸುಮ್ನೆ ಇಟ್ಟುಕೊಂಡು ಕೂರುವುದು ಕಷ್ಟ. ಜನವರಿಯ ಒಂದು ಭಾನುವಾರ ಒಂಬತ್ತು ವರ್ಷದ ಮೊಮ್ಮಗಳು ಕಪಾಟಿನಿಂದ ಕುಕಿ ಮಿಕ್ಸ್‌ನ ಒಂದು ಪೌಚ್ ತಂದು ನನ್ನ ಮುಂದೆ ಇಟ್ಟಳು. "ಅಜ್ಜ, ಸ್ನಿಕರ್‌ಡೂಡಲ್ ಮಾಡೋಣ" ಎಂದಳು.

ಅಲ್ಲಿಯವರೆಗೆ ನಾನು ಅಡುಗೆಮನೆಯಲ್ಲಿ ಮಾಡಿದ್ದು ಕಾಫಿ ಮಾತ್ರ. ಹಾಗಾಗಿ ಏನೂ ಗೊತ್ತಿಲ್ಲದವರಿಗೆ ಇದನ್ನು ಬರೆಯುವ ಯೋಗ್ಯತೆ ನನಗೆ ಇದೆ ಅಂದುಕೊಂಡಿದ್ದೇನೆ.

ಸ್ನಿಕರ್‌ಡೂಡಲ್ ಅಂದರೆ ಅಮೆರಿಕದ ಮನೆಮನೆಯ ಕುಕಿ. ಹಿಟ್ಟಿನ ಉಂಡೆಯನ್ನು ಚಕ್ಕೆ ಪುಡಿ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸಿ ಬೇಯಿಸುತ್ತಾರೆ. ಮೇಲೆ ಬೇಸಿಗೆಯ ಗದ್ದೆ ಬಿರಿದ ಹಾಗೆ ಬಿರುಕು, ಒಳಗೆ ಮೆತ್ತಗೆ. ಕಚ್ಚಿದರೆ ಸಿಹಿಯ ಹಿಂದೆ ಸಣ್ಣ ಹುಳಿ ಸಿಗುತ್ತದೆ. ಆ ಹುಳಿ ಕ್ರೀಮ್ ಆಫ್ ಟಾರ್ಟಾರ್ ಎಂಬ ಬಿಳಿ ಪುಡಿಯದು. ಹೆಸರಲ್ಲಿ ಕ್ರೀಮ್ ಇದ್ದರೂ ಹಾಲಿಗೂ ಅದಕ್ಕೂ ಸಂಬಂಧವಿಲ್ಲ. ದ್ರಾಕ್ಷಿಯಿಂದ ವೈನ್ ಮಾಡುವಾಗ ಪೀಪಾಯಿಯ ಒಳಗೆ ಗಟ್ಟಿಯಾಗಿ ಕೂರುವ ಲವಣ ಅದು. ಅಡುಗೆ ಸೋಡಾ ಜೊತೆ ಸೇರಿದರೆ ಗಾಳಿ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ.

ಪೌಚ್‌ನಲ್ಲಿ ಮೈದಾ, ಸಕ್ಕರೆ, ಸೋಡಾ, ಉಪ್ಪು ಎಲ್ಲ ಅಳತೆ ಮಾಡಿ ಬೆರೆಸಿ ಇಟ್ಟಿರುತ್ತಾರೆ. ಚಕ್ಕೆ-ಸಕ್ಕರೆಯ ಚಿಕ್ಕ ಪೊಟ್ಟಣವೂ ಒಳಗೇ ಇತ್ತು. ನಮ್ಮದು ಸುಮಾರು ಅರ್ಧ ಕೇಜಿಯ ಪೌಚ್. ನಾವು ಹಾಕಬೇಕಾದದ್ದು ಒಂದು ಸ್ಟಿಕ್ ಬೆಣ್ಣೆ, ಒಂದು ಮೊಟ್ಟೆ, ಅಷ್ಟೇ. ಅಮೆರಿಕದಲ್ಲಿ ಬೆಣ್ಣೆ ಉದ್ದನೆಯ ಕಡ್ಡಿಯ ಹಾಗೆ ಬರುತ್ತದೆ. ಒಂದು ಸ್ಟಿಕ್ ಅಂದರೆ 113 ಗ್ರಾಂ, ಅವರ ಲೆಕ್ಕದಲ್ಲಿ ಅರ್ಧ ಕಪ್. ಕಾಗದದ ಮೇಲೆ ಚಮಚದ ಗೆರೆಗಳನ್ನೂ ಹಾಕಿರುತ್ತಾರೆ, ಗೆರೆ ನೋಡಿ ಕತ್ತರಿಸಿದರಾಯಿತು. ನಿಮ್ಮ ಪೌಚ್‌ನಲ್ಲಿ ಅಳತೆ ಬೇರೆ ಇದ್ದರೆ ಅದನ್ನೇ ನಂಬಿ. ನಾನು ಹೇಳಲು ಹೊರಟಿದ್ದು ಪೌಚ್ ಹಿಂದೆ ಬರೆಯದ ಮಾತು.

ಮೊದಲನೆಯದು ಬೆಣ್ಣೆ. "ಮೆತ್ತಗಾದ ಬೆಣ್ಣೆ" ಎಂದು ಎರಡೇ ಪದ ಬರೆದಿದ್ದರು. ಫ್ರಿಜ್‌ನಿಂದ ತೆಗೆದ ಬೆಣ್ಣೆ ಇಟ್ಟಿಗೆಯ ಹಾಗಿತ್ತು. ಮೈಕ್ರೋವೇವ್‌ನಲ್ಲಿ ಒಂದು ನಿಮಿಷ ಇಟ್ಟೆ. ಹೊರತೆಗೆದಾಗ ಅರ್ಧ ತುಪ್ಪದ ಹಾಗೆ, ಅರ್ಧ ಗಟ್ಟಿ. ಇರಲಿ ಬಿಡು, ಹೇಗಿದ್ದರೂ ಓವನ್‌ನಲ್ಲಿ ಕರಗುವುದೇ ತಾನೇ ಎಂದು ಅದನ್ನೇ ಸುರಿದೆ. ಹಿಟ್ಟು ಜಿಡ್ಡು ಜಿಡ್ಡಾಯಿತು. ಓವನ್‌ನೊಳಗೆ ಹನ್ನೆರಡು ಉಂಡೆಗಳು ಕರಗಿ ಒಂದನ್ನೊಂದು ಅಪ್ಪಿಕೊಂಡು ಟ್ರೇ ಅಗಲದ ಒಂದೇ ಹಾಳೆಯಾದವು. ಹೆಂಡತಿ ಬಂದು ನೋಡಿ, "ಓಹೋ, ನೀರ್ ದೋಸೆ" ಎಂದು ಹೇಳಿ ಹೋದಳು.

ಬೆಣ್ಣೆ ಗಟ್ಟಿಯಾಗಿದ್ದಷ್ಟು ಹೊತ್ತು ಉಂಡೆಯ ಆಕಾರ ನಿಲ್ಲುತ್ತದೆ. ಅದು ನಿಧಾನಕ್ಕೆ ಕರಗುವ ಹೊತ್ತಿಗೆ ಮೈದಾ ಮತ್ತು ಮೊಟ್ಟೆ ಬೆಂದು ಗೋಡೆ ಕಟ್ಟಿರಬೇಕು. ಮೊದಲೇ ಕರಗಿದ್ದರೆ ಗೋಡೆ ಏಳುವ ಮುಂಚೆ ಎಲ್ಲ ಹರಿದುಹೋಗುತ್ತದೆ. ಇದು ಗೊತ್ತಾದ ಮೇಲೆ ನನಗೆ ಉಳಿದದ್ದೆಲ್ಲ ಸುಲಭವಾಯಿತು.

ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳು ಜಾರಬಾರದು, ಬೆಣ್ಣೆ ಹೊಳೆಯಬಾರದು. ಹೊಳಪು ಬಂತು ಅಂದರೆ ಜಾಸ್ತಿ ಆಯಿತು, ಹತ್ತು ನಿಮಿಷ ಫ್ರಿಜ್‌ನಲ್ಲಿಡಿ. ಮಿನೆಸೋಟದ ಜನವರಿಯಲ್ಲಿ ಅಡುಗೆಮನೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಲ್ಲಿ ಸ್ಟಿಕ್ ಅನ್ನು ಹೊರಗಿಟ್ಟು ಒಂದೂವರೆ ಗಂಟೆ ಕಾಯಬೇಕಾಗುತ್ತಿತ್ತು. ಮೊಮ್ಮಗಳಿಗೆ ಅಷ್ಟು ತಾಳ್ಮೆ ಎಲ್ಲಿ? ಆಮೇಲೆ ಒಂದು ಉಪಾಯ ಕಂಡುಕೊಂಡೆವು. ಕ್ಯಾರೆಟ್ ತುರಿಯುವ ಮಣೆಯ ದೊಡ್ಡ ಕಣ್ಣಿನಲ್ಲಿ ಗಟ್ಟಿ ಬೆಣ್ಣೆಯನ್ನೇ ತುರಿದು ತಟ್ಟೆಯಲ್ಲಿ ಹರಡಿದರೆ ಹತ್ತು ನಿಮಿಷಕ್ಕೆ ಹದವಾಗುತ್ತದೆ. ಮೊಟ್ಟೆಯನ್ನೂ ಬೆಣ್ಣೆ ಜೊತೆಗೇ ಹೊರಗೆ ತೆಗೆದಿಡಿ. ತಣ್ಣನೆಯ ಮೊಟ್ಟೆ ಹಾಕಿದರೆ ಹದವಾದ ಬೆಣ್ಣೆ ಮತ್ತೆ ಗಂಟು ಕಟ್ಟುತ್ತದೆ.

ಕಲಸುವಾಗ ಮೊದಲ ಒಂದು ನಿಮಿಷ ಹೆದರಿಕೆಯಾಗುತ್ತದೆ. ಎಲ್ಲ ಉದುರುದುರು, ಹುರಿಟ್ಟಿಗೆ ತುಪ್ಪ ಸಾಲದಾದ ಹಾಗೆ ಕಾಣುತ್ತದೆ. ನೀರು ಚಿಮುಕಿಸಬೇಡಿ, ಹಾಲೂ ಬೇಡ. ಮರದ ಸೌಟಿನಿಂದ ಪಾತ್ರೆಯ ಬದಿಗೆ ಒತ್ತುತ್ತಾ ಹೋಗಿ, ಎರಡನೇ ನಿಮಿಷಕ್ಕೆ ತಾನಾಗಿ ಕೂಡಿಕೊಳ್ಳುತ್ತದೆ. ಕೂಡಿಕೊಂಡ ತಕ್ಷಣ ನಿಲ್ಲಿಸಿ. ನಮ್ಮವರಿಗೆ ಇಲ್ಲೇ ಕೈ ತಡೆಯುವುದಿಲ್ಲ. ಚಪಾತಿ ಹಿಟ್ಟು ನಾದಿದ ಅಭ್ಯಾಸ, ಅಲ್ವಾ? ನಾದಿದಷ್ಟೂ ಮೈದಾ ಜಿಗುಟಾಗಿ ಕುಕಿ ಗಡುಸಾಗುತ್ತದೆ. ಮಕ್ಕಳು ಜೊತೆಗಿದ್ದರೆ ಇನ್ನೊಂದು ಮಾತು. ಪಾತ್ರೆ ನೆಕ್ಕಲು ಬಿಡಬೇಡಿ. ಹಸಿ ಮೊಟ್ಟೆ ಮಾತ್ರ ಅಲ್ಲ, ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು. ಮೊಮ್ಮಗಳ ಜೊತೆ ಈ ವಿಷಯಕ್ಕೆ ದಿನಾ ಜಗಳ.

ಈಗ ಮೊಟ್ಟೆಯ ಪ್ರಶ್ನೆ. ನನ್ನ ಹೆಂಡತಿ ಮೊಟ್ಟೆ ತಿನ್ನುವುದಿಲ್ಲ. ನಾನು ಬ್ಯಾಂಕಿನ ಕ್ಯಾಂಟೀನಿನಲ್ಲಿ ಕೆಟ್ಟವನು. ಒಂದೇ ಪೌಚ್‌ನಲ್ಲಿ ಇಬ್ಬರಿಗೂ ಆಗಬೇಕು. ಪೌಚ್ ಅನ್ನು ತಕ್ಕಡಿಯಲ್ಲಿ ತೂಗಿ ಸಮ ಎರಡು ಪಾಲು ಮಾಡಿದೆ. ತೂಗುವ ಮೊದಲು ಚೆನ್ನಾಗಿ ಅಲುಗಾಡಿಸಬೇಕು, ಸೋಡಾ ಒಂದೇ ಕಡೆ ಉಳಿಯಬಾರದು. ಪ್ರತಿ ಪಾಲಿಗೆ ಅರ್ಧ ಸ್ಟಿಕ್ ಬೆಣ್ಣೆ. ನನ್ನ ಪಾಲಿಗೆ ಮೊಟ್ಟೆ ಒಡೆದು ಕಲಕಿ ಅದರಲ್ಲಿ ಅರ್ಧ. ಅಲ್ಲಿಯ ದೊಡ್ಡ ಮೊಟ್ಟೆ ಚಿಪ್ಪು ಬಿಟ್ಟು 50 ಗ್ರಾಂ ತೂಗುತ್ತದೆ, ಹಾಗಾಗಿ ಅರ್ಧ ಅಂದರೆ 25 ಗ್ರಾಂ. ಅವಳ ಪಾಲಿಗೆ ಎರಡು ದೊಡ್ಡ ಚಮಚ ಗಟ್ಟಿ ಮೊಸರು. ಪಾತ್ರೆ ಬೇರೆ, ಸೌಟು ಬೇರೆ, ಟ್ರೇ ಬೇರೆ. ಇಷ್ಟಾದರೂ ಮೊದಲ ಸಲ ಅವಳು ಅನುಮಾನದಿಂದಲೇ ಮೂಸಿ ನೋಡಿದಳು.

ಮೊಸರಿನ ಕುಕಿ ಜಾಸ್ತಿ ಉಬ್ಬುತ್ತದೆ, ಜಾಸ್ತಿ ಹರಡುವುದಿಲ್ಲ, ಕೇಕಿನ ಹಾಗೆ ಇರುತ್ತದೆ. ಆದ್ದರಿಂದ ಆ ಉಂಡೆಗಳನ್ನು ಬೇಯಿಸುವ ಮೊದಲು ಅಂಗೈಯಿಂದ ಸ್ವಲ್ಪ ತಟ್ಟಬೇಕು. ಅಗಸೆ ಬೀಜವನ್ನೂ ಹಾಕಿ ನೋಡಿದೆವು. ಹುಬ್ಬಳ್ಳಿ ಕಡೆಯ ನನ್ನ ಹೆಂಡತಿ ಅಗಸಿ ಹಿಂಡಿ ಇಲ್ಲದೆ ವಿಮಾನ ಹತ್ತುವವಳಲ್ಲ, ಬೀಜವೂ ಜೊತೆಗಿತ್ತು. ಅರ್ಧ ಪಾಲಿಗೆ ಒಂದೂವರೆ ಟೀ ಚಮಚ ಅಗಸೆ ಪುಡಿ, ನಾಲ್ಕೂವರೆ ಟೀ ಚಮಚ ನೀರು. ಹತ್ತು ನಿಮಿಷ ನೆನೆದರೆ ಲೋಳೆಯಾಗುತ್ತದೆ. ಇದರಲ್ಲಿ ಕುಕಿ ಚೆನ್ನಾಗಿ ಹರಡುತ್ತದೆ, ಅಂಚು ಗರಿಗರಿ. ಬಣ್ಣ ಸ್ವಲ್ಪ ಕಂದು, ಅಲ್ಲಲ್ಲಿ ಚುಕ್ಕೆ. ಚಕ್ಕೆಯ ಕೆಳಗೆ ಯಾರಿಗೆ ಕಾಣುತ್ತದೆ? ನನ್ನ ಓಟು ಅಗಸೆಗೆ, ಅವಳ ಓಟು ಮೊಸರಿಗೆ.

ಕಲಸಿದ ಹಿಟ್ಟನ್ನು ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಹೀಗೆ ಮಾಡಿ ಎಂದು ನಮ್ಮ ಪೌಚ್‌ನಲ್ಲಿ ಇರಲಿಲ್ಲ. ಮಾಡಿದ ಸಲವೂ ಮಾಡದ ಸಲವೂ ತಿಂದು ನೋಡಿದ್ದೇನೆ. ತಣ್ಣಗಾದ ಹಿಟ್ಟಿನ ಕುಕಿ ದಪ್ಪಗೆ, ಬಿರುಕು ಎದ್ದು ಕಾಣುವ ಹಾಗೆ ಬರುತ್ತದೆ.

ಮಿನಿಯಾಪೊಲಿಸ್‌ಗೂ ಇಂಥ ಪೌಚ್‌ಗಳಿಗೂ ಹಳೆಯ ನಂಟು. ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಒಂದು ಕಾಲಕ್ಕೆ ಸಾಲು ಸಾಲು ಹಿಟ್ಟಿನ ಗಿರಣಿಗಳಿದ್ದವು. ಅಳಿಯ ನಮ್ಮನ್ನು ಅಲ್ಲಿನ ಮಿಲ್ ಸಿಟಿ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದ. ವಾಶ್‌ಬರ್ನ್ ಎ ಮಿಲ್ ಎಂಬ ಗಿರಣಿಯ ಪಾಳುಗೋಡೆಗಳ ನಡುವೆ ಕಟ್ಟಿದ ಮ್ಯೂಸಿಯಂ ಅದು. 1878ರ ಮೇ 2ರಂದು ಅಲ್ಲಿದ್ದ ಮೊದಲ ಗಿರಣಿ ಸ್ಫೋಟಗೊಂಡು 18 ಜನ ಸತ್ತರು. ಬಾಂಬಲ್ಲ, ಗಾಳಿಯಲ್ಲಿ ತುಂಬಿದ್ದ ಹಿಟ್ಟಿನ ಧೂಳಿಗೆ ಬೆಂಕಿ ತಗುಲಿ. ನಾನು ದಿನಾ ಮೈದಾ ಕೊಡವಿಕೊಂಡು ಓಡಾಡುತ್ತಿದ್ದವನು, ಕೇಳಿ ಬೆಚ್ಚಿಬಿದ್ದೆ.

ಬೆಟ್ಟಿ ಕ್ರಾಕರ್ ಎಂಬ ಹೆಸರನ್ನು ಅಲ್ಲಿಯ ಅಂಗಡಿಗಳ ಕೇಕ್ ಮಿಕ್ಸ್ ಡಬ್ಬಗಳ ಮೇಲೆ ನೋಡಿದ್ದೆ. ಯಾರೋ ಅಜ್ಜಿ ಇರಬೇಕು ಅಂದುಕೊಂಡಿದ್ದೆ. ಅಂಥ ಹೆಂಗಸೇ ಇರಲಿಲ್ಲವಂತೆ! 1921ರಲ್ಲಿ ಇದೇ ಊರಿನ ಹಿಟ್ಟಿನ ಕಂಪನಿಗೆ ಬೇಕಿಂಗ್ ಬಗ್ಗೆ ಪ್ರಶ್ನೆ ಕೇಳಿ ಗೃಹಿಣಿಯರ ಕಾಗದಗಳು ರಾಶಿ ಬಿದ್ದವು. ಉತ್ತರದ ಕೆಳಗೆ ಸಹಿ ಹಾಕಲು ಒಂದು ಹೆಸರು ಬೇಕಿತ್ತು. ನಿವೃತ್ತರಾಗಿದ್ದ ಒಬ್ಬ ನಿರ್ದೇಶಕರಿಂದ ಕ್ರಾಕರ್ ಎಂಬುದನ್ನು ತೆಗೆದುಕೊಂಡು, ಮುಂದೆ ಬೆಟ್ಟಿ ಸೇರಿಸಿದರು. ಇಲ್ಲದ ಖಾತೆದಾರಳ ಹೆಸರಲ್ಲಿ ಸಹಿ! ನಮ್ಮ ಬ್ರಾಂಚಿನಲ್ಲಿ ಆಗಿದ್ದರೆ ಅಮಾನತು. ಕುಕಿ ಯಾಕೆ ಹರಡಿತು, ಕೇಕು ಯಾಕೆ ಕುಸಿಯಿತು ಎಂದು ನೂರು ವರ್ಷದ ಹಿಂದೆಯೂ ಜನ ಕೇಳುತ್ತಿದ್ದರು ಎಂಬುದು ಮಾತ್ರ ನನಗೆ ಸಮಾಧಾನ ಕೊಟ್ಟಿತು.

ಹಿಟ್ಟು ತಣ್ಣಗಾಗುವಾಗ ಓವನ್ ಹಚ್ಚಿ. 375 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 190. ಬೀಪ್ ಬಂದ ಕೂಡಲೇ ಟ್ರೇ ಇಡಬೇಡಿ. ಗಾಳಿ ಬಿಸಿಯಾಗಿರುತ್ತದೆ, ಗೋಡೆ ಇನ್ನೂ ಆಗಿರುವುದಿಲ್ಲ. ಇನ್ನೂ ಹತ್ತು ನಿಮಿಷ ಕಾಯಿರಿ. ಟ್ರೇ ಮೇಲೆ ಹಾಸಲು ಪಾರ್ಚ್‌ಮೆಂಟ್ ಪೇಪರ್ ಬೇಕು. ನಾನು ಒಮ್ಮೆ ಅದರ ಪಕ್ಕದಲ್ಲೇ ಇದ್ದ ಮೇಣದ ಕಾಗದ ಹಾಸಿದೆ. ಎರಡೂ ನೋಡಲು ಒಂದೇ ಥರ. ಮೇಣ ಕರಗಿ ಹೊಗೆ ಎದ್ದು ಮನೆಯ ಅಲಾರಂ ಹೊಡೆದುಕೊಂಡಿತು. ಮೇಲಿನ ಕೋಣೆಯಲ್ಲಿ ಆಫೀಸಿನ ಮೀಟಿಂಗ್‌ನಲ್ಲಿದ್ದ ಅಳಿಯ ಇಯರ್‌ಫೋನ್ ಸಮೇತ ಕೆಳಗೆ ಓಡಿ ಬಂದ. ಆವತ್ತಿನಿಂದ ಡಬ್ಬದ ಮೇಲೆ ಕೆಂಪು ಇಂಕಿನಲ್ಲಿ "ಓವನ್‌ಗೆ ಅಲ್ಲ" ಎಂದು ಕನ್ನಡದಲ್ಲಿ ಬರೆದಿಟ್ಟಿದ್ದೇನೆ.

ಉಂಡೆ ಬೆಟ್ಟದ ನೆಲ್ಲಿಕಾಯಿ ಗಾತ್ರ. ತೂಗಿದರೆ 20 ಗ್ರಾಂ. ಅರ್ಧ ಕೇಜಿ ಪೌಚ್‌ಗೆ ಮೂರು ಡಜನ್‌ಗೆ ಎರಡು ಮೂರು ಕಡಿಮೆ ಬರುತ್ತದೆ. ಎಲ್ಲ ಒಂದೇ ಗಾತ್ರ ಇರಲಿ. ಚಂದಕ್ಕಲ್ಲ, ಚಿಕ್ಕದು ಸೀಯುವ ಹೊತ್ತಿಗೆ ದೊಡ್ಡದು ಹಸಿಯಾಗಿ ಉಳಿಯಬಾರದು ಅಂತ.

ಪೌಚ್‌ನೊಳಗಿನ ಚಕ್ಕೆ-ಸಕ್ಕರೆ ಪೊಟ್ಟಣ ನನಗೆ ಸಾಲಲಿಲ್ಲ. ಸಿಹಿಯೇ ಮುಂದೆ, ಚಕ್ಕೆ ಹಿಂದೆ. ನಾನೇ ಮಾಡಿಕೊಂಡೆ. ಕಾಲು ಕಪ್ ಸಕ್ಕರೆಗೆ ಒಂದು ದೊಡ್ಡ ಚಮಚ ಚಕ್ಕೆ ಪುಡಿ. ಹೆಂಡತಿಯ ಮಸಾಲೆ ಡಬ್ಬದ ಚಕ್ಕೆಯನ್ನೇ ತೆಗೆದು ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಎರಡು ಚಮಚ ಸಕ್ಕರೆ ಜೊತೆ ಮಿಕ್ಸಿಗೆ ಹಾಕಿದೆ. ಬರೀ ಚಕ್ಕೆ ಹಾಕಿದರೆ ಬ್ಲೇಡಿಗೆ ಸಿಗದೆ ಸುತ್ತುತ್ತದೆ, ಸಕ್ಕರೆ ಇದ್ದರೆ ನುಣ್ಣಗಾಗುತ್ತದೆ. ಜರಡಿ ಹಿಡಿಯಲೇಬೇಕು. ಇಲ್ಲದಿದ್ದರೆ ಕುಕಿಯಲ್ಲಿ ಮರದ ಚೂರು ಸಿಕ್ಕ ಹಾಗಾಗುತ್ತದೆ.

ಚಕ್ಕೆಯಲ್ಲೂ ಎರಡು ಬಗೆ. ದಪ್ಪ ತೊಗಟೆ, ಒಂದೇ ಸುರುಳಿ, ಮುರಿಯಲು ಕಷ್ಟ ಅಂದರೆ ಅದು ಕ್ಯಾಸಿಯಾ. ಅಮೆರಿಕದ ಅಂಗಡಿಯ ಪುಡಿ ಹೆಚ್ಚಾಗಿ ಇದೇ, ನಮ್ಮ ಕಿರಾಣಿಯಲ್ಲಿ ಸಾಮಾನ್ಯವಾಗಿ ಸಿಗುವುದೂ ಇದೇ. ಕಾಗದದಂಥ ಪದರಗಳನ್ನು ಸುರುಳಿ ಸುತ್ತಿದ ಹಾಗಿದ್ದು ಬೆರಳಲ್ಲೇ ಪುಡಿಯಾದರೆ ಅದು ಸಿಲೋನ್ ದಾಲ್ಚಿನ್ನಿ. ಅದರ ಪರಿಮಳ ನಯ. ಪಾಯಸಕ್ಕೆ ಸೈ. ಈ ಕುಕಿಗೆ ಮಾತ್ರ ಖಾರ ಇರುವ ಕ್ಯಾಸಿಯಾನೇ ಸರಿ, ಇಲ್ಲದಿದ್ದರೆ ಬೆಣ್ಣೆಯ ಎದುರು ದಾಲ್ಚಿನ್ನಿ ಸೋಲುತ್ತದೆ.

ಉಂಡೆಯನ್ನು ಸಕ್ಕರೆಯಲ್ಲಿ ಒಮ್ಮೆ ಹೊರಳಿಸಿ, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಹೊರಳಿಸಿ. ಮೊದಲ ಪದರ ಸ್ವಲ್ಪ ಒದ್ದೆಯಾಗಿರುತ್ತದೆ, ಎರಡನೆಯದು ಅದಕ್ಕೆ ಹಿಡಿಯುತ್ತದೆ. ಟ್ರೇ ಮೇಲೆ ಎರಡಂಗುಲ ಬಿಟ್ಟು ಇಡಿ, ಮೊಟ್ಟೆ ಅಥವಾ ಅಗಸೆ ಹಾಕಿದ್ದನ್ನು ತಟ್ಟಬೇಡಿ.

ಒಂಬತ್ತನೇ ನಿಮಿಷಕ್ಕೆ ಓವನ್ ದೀಪ ಹಾಕಿ ಬಗ್ಗಿ ನೋಡಿ. ನನಗೆ ಬಹಳ ದಿನ ಮೋಸವಾದದ್ದು ಇಲ್ಲಿ. ಬಿಸ್ಕತ್ತು ಕೆಂಪಗಾದರೆ ಬೆಂದಿತು ಎಂಬುದು ನಮ್ಮ ಲೆಕ್ಕ. ಆದರೆ ಇದು ಒಳಗೆ ಹೋಗುವಾಗಲೇ ಕಂದು. ಚಕ್ಕೆಯ ಬಣ್ಣ ಬೇಯುವ ಬಣ್ಣವನ್ನು ಮುಚ್ಚಿಬಿಡುತ್ತದೆ. ಬಣ್ಣ ನೋಡುತ್ತಾ ಕೂತರೆ ಕಲ್ಲಾಗುತ್ತದೆ. ಅಂಚನ್ನು ನೋಡಿ. ಅಂಚು ಗಟ್ಟಿಯಾಗಿ ಕೂತಿರಬೇಕು, ನಡು ಉಬ್ಬಿರಬೇಕು, ಬಿರುಕಿನೊಳಗೆ ಇನ್ನೂ ಹಸಿಯ ಹಾಗೆ ಕಾಣಬೇಕು. ಅಯ್ಯೋ, ಇನ್ನೂ ಬೆಂದಿಲ್ಲ ಎಂದು ಮನಸ್ಸು ಹೇಳುವಾಗಲೇ ಹೊರಗೆ ತೆಗೆಯಬೇಕು. ಬಿಸಿ ಟ್ರೇ ಮೇಲೆ ಅದು ಇನ್ನೂ ಬೇಯುತ್ತಿರುತ್ತದೆ. ಮೂರು ನಿಮಿಷ ಮುಟ್ಟಬೇಡಿ, ಮುಟ್ಟಿದರೆ ಮುರಿಯುತ್ತದೆ. ನಡು ಕುಸಿದು ಸುಕ್ಕು ಬೀಳುತ್ತದೆ. ಅದು ತಪ್ಪಲ್ಲ, ಹಾಗೆಯೇ ಬೇಕು. ಆಮೇಲೆ ಚಪ್ಪಟೆ ಸೌಟಿನಿಂದ ಎತ್ತಿ ಜಾಲರಿ ಮೇಲಿಡಿ.

ಎರಡನೇ ಸಲಕ್ಕೆ ಟ್ರೇ ಪೂರ್ತಿ ತಣ್ಣಗಿರಬೇಕು, ಇಲ್ಲದಿದ್ದರೆ ಉಂಡೆ ಇಡುವಾಗಲೇ ಬೆಣ್ಣೆ ಕರಗಲು ಶುರು. ನಾನು ಬುದ್ಧಿವಂತಿಕೆ ಮಾಡಿ ಬಿಸಿ ಟ್ರೇಯನ್ನು ಹಿಂಬಾಗಿಲ ಹಿಮದ ಮೇಲಿಟ್ಟೆ. ಟಣ್ ಎಂದು ಸದ್ದಾಯಿತು. ಟ್ರೇ ಸೊಟ್ಟಗಾಗಿ ಈಗಲೂ ಒಂದು ಮೂಲೆ ಮೇಲೆ ನಿಲ್ಲುತ್ತದೆ.

ಮಾರ್ಚ್ ಕೊನೆಗೆ ಶಿವಮೊಗ್ಗಕ್ಕೆ ವಾಪಸಾದೆವು. ಹೋಗುವಾಗ ಚಟ್ನಿಪುಡಿ, ಹಪ್ಪಳ ತುಂಬಿದ್ದ ಸೂಟ್‌ಕೇಸಿನಲ್ಲಿ ಬರುವಾಗ ಎರಡು ಪೌಚ್. ಅವು ಮೇ ತಿಂಗಳಿಗೇ ಮುಗಿದವು. ಈಗ ಮಿಕ್ಸ್ ನಾನೇ ಮಾಡಿ ಬಾಟಲಿಯಲ್ಲಿ ತುಂಬಿಡುತ್ತೇನೆ. ಮೈದಾ 175 ಗ್ರಾಂ, ಸಕ್ಕರೆ 150 ಗ್ರಾಂ, ಕ್ರೀಮ್ ಆಫ್ ಟಾರ್ಟಾರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಒಂದು ಚಿಟಿಕೆ. ಇದಕ್ಕೂ ಬೆಣ್ಣೆ 113 ಗ್ರಾಂ, ಮೊಟ್ಟೆ ಒಂದು. ಸುಮಾರು ಎರಡು ಡಜನ್ ಆಗುತ್ತದೆ. ನಮ್ಮ ಸಕ್ಕರೆಯ ಹರಳು ದಪ್ಪ. ಒಳಗೆ ಹಾಕುವುದನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿಕೊಳ್ಳಿ. ಮೇಲೆ ಹೊರಳಿಸಲು ಮಾತ್ರ ದಪ್ಪ ಸಕ್ಕರೆಯೇ ಇರಲಿ, ಕರುಂ ಕರುಂ ಅನ್ನುತ್ತದೆ. ಇದರಲ್ಲಿ ನಾವು ಅಮೆರಿಕದವರನ್ನು ಮೀರಿಸಿದ್ದೇವೆ. ಕ್ರೀಮ್ ಆಫ್ ಟಾರ್ಟಾರ್ ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಸಿಗದಿದ್ದರೆ ಅದನ್ನೂ ಸೋಡಾವನ್ನೂ ಬಿಟ್ಟು ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ ಹಾಕಿ. ಕುಕಿ ಆಗುತ್ತದೆ, ಹುಳಿ ಇರುವುದಿಲ್ಲ.

ಬೆಣ್ಣೆ ಪ್ಯಾಕೆಟ್ಟಿನದೇ ಆಗಲಿ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ನೀರು ಉಳಿದಿರುತ್ತದೆ, ಹದ ಸಿಗುವುದಿಲ್ಲ. ಅದನ್ನು ಅಕ್ಕಿ ರೊಟ್ಟಿಗೆ ಇಟ್ಟುಕೊಳ್ಳಿ. ಉಪ್ಪು ಬೆರೆತ ಬೆಣ್ಣೆ ಆದರೆ ಮಿಕ್ಸ್‌ಗೆ ಉಪ್ಪು ಹಾಕಬೇಡಿ. ಏಪ್ರಿಲ್‌ನಲ್ಲಿ ಶಿವಮೊಗ್ಗದ ತೊಂದರೆ ಮಿನೆಸೋಟಕ್ಕೆ ತದ್ವಿರುದ್ಧ. ಹತ್ತು ನಿಮಿಷಕ್ಕೆ ಬೆಣ್ಣೆ ಹೊಳೆಯತೊಡಗುತ್ತದೆ. ಕಲಸಿದ್ದನ್ನು ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಒಂದು ಟ್ರೇಗೆ ಬೇಕಾದಷ್ಟೇ ಹೊರತೆಗೆಯುತ್ತೇನೆ. ನಮ್ಮದು ಚಿಕ್ಕ ಓಟಿಜಿ, ಅಂದರೆ ಮೇಜಿನ ಮೇಲಿಡುವ ಕರೆಂಟ್ ಓವನ್, ಸಲಕ್ಕೆ ಒಂಬತ್ತೇ ಹಿಡಿಯುವುದು. ಮೇಲಿನ ಕಾಯಿಲ್ ಹತ್ತಿರವಿರುವುದರಿಂದ 180ಕ್ಕೆ ಇಳಿಸಿ, ನಡುವಿನ ಹಲಗೆಯಲ್ಲಿಟ್ಟು, ಆರನೇ ನಿಮಿಷಕ್ಕೆ ಟ್ರೇ ತಿರುಗಿಸುತ್ತೇನೆ. ಹನ್ನೊಂದು ನಿಮಿಷ ಬೇಕಾಗುತ್ತದೆ.

ಹೆಂಡತಿ ಒಮ್ಮೆ ಏಲಕ್ಕಿ ಹಾಕಿಸಿದಳು. ರುಚಿ ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ನಾನ್‌ಖಟಾಯಿಯ ದಾಯಾದಿ, ಸ್ನಿಕರ್‌ಡೂಡಲ್ ಅಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಬೇಯಿಸಿ ಇಟ್ಟರೆ ಎರಡೇ ದಿನಕ್ಕೆ ಮೇಲಿನ ಸಕ್ಕರೆ ನೀರಾಗುತ್ತದೆ. ಅದಕ್ಕೆ ಬೇಯಿಸದ ಉಂಡೆಗಳನ್ನೇ ಸಕ್ಕರೆಯಲ್ಲಿ ಹೊರಳಿಸದೆ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಡಬ್ಬಕ್ಕೆ ತುಂಬಿ ಫ್ರೀಜರ್‌ನಲ್ಲಿಡುತ್ತೇನೆ. ಬೇಕಾದಾಗ ಹೊರತೆಗೆದು ಕಾಲು ಗಂಟೆ ಬಿಟ್ಟು, ಹೊರಳಿಸಿ, ಎರಡು ನಿಮಿಷ ಜಾಸ್ತಿ ಬೇಯಿಸಿದರಾಯಿತು. ಸಂಜೆ ನೆಂಟರು ಬಂದರೆ ಕಾಫಿ ಇಳಿಯುವಷ್ಟರಲ್ಲಿ ನಾಲ್ಕು ಕುಕಿ ತಯಾರು. ಈಗ ಫ್ರೀಜರ್‌ನಲ್ಲಿ 14 ಉಂಡೆ ಇವೆ, ಎರಡು ಡಬ್ಬಗಳಲ್ಲಿ. ಎರಡರ ಮೇಲೂ ತಾರೀಕು ಬರೆದಿದೆ. ಮೊಟ್ಟೆ ಇದ್ದದ್ದಕ್ಕೆ ಕೆಂಪು ಚೀಟಿ, ಅಗಸೆಯದಕ್ಕೆ ಹಸಿರು.